ಗಾಳಿಯಲ್ಲಿ ಓಡುವ ಬೆಳಕಿನ ಸೋರಿಕೆ ಲೆಕ್ಕ

ಬಳ್ಳಾರಿಯಿಂದ ಬೆಂಗಳೂರಿಗೆ ಸುಮಾರು 300 ಕಿಲೋಮೀಟರ್. ಮಾಮೂಲಿ ಆಪ್ಟಿಕಲ್ ಫೈಬರಿನಲ್ಲಿ, ಅಂದರೆ ಬೆಳಕನ್ನು ಸಾಗಿಸುವ ಗಾಜಿನ ಎಳೆಯಲ್ಲಿ, ಅಷ್ಟು ದೂರ ಹೋಗಲು ಬೆಳಕಿಗೆ ಒಂದೂವರೆ ಮಿಲಿಸೆಕೆಂಡು ಬೇಕು. ಗಾಳಿಯಲ್ಲಾದರೆ ಒಂದೇ ಮಿಲಿಸೆಕೆಂಡು ಸಾಕು, ಏಕೆಂದರೆ ಗಾಜಿನೊಳಗೆ ಬೆಳಕಿನ ವೇಗ ಮೂರನೇ ಒಂದು ಪಾಲು ತಗ್ಗುತ್ತದೆ. ಹಾಗಾದರೆ ಫೈಬರಿನ ನಡುವೆ ಟೊಳ್ಳು ಬಿಟ್ಟು ಬೆಳಕನ್ನು ಗಾಳಿಯಲ್ಲೇ ಓಡಿಸಬಹುದಲ್ಲ? ಬ್ರಿಟನ್ನಿನ ಬಾತ್ ವಿಶ್ವವಿದ್ಯಾಲಯದಲ್ಲಿ ಫಿಲಿಪ್ ರಸೆಲ್ ಮತ್ತು ಸಂಗಡಿಗರು 1999ರಲ್ಲೇ ಇದನ್ನು ಮಾಡಿ ತೋರಿಸಿದರು.

ತೊಡಕು ಇರುವುದು ಬೆಳಕನ್ನು ಹಿಡಿದಿಡುವುದರಲ್ಲಿ. ಮಾಮೂಲಿ ಫೈಬರಿನಲ್ಲಿ ಒಳಗಿನ ಗಾಜಿನ ವಕ್ರೀಭವನ ಸೂಚ್ಯಂಕ (ಬೆಳಕಿನ ವೇಗ ಎಷ್ಟು ತಗ್ಗುತ್ತದೆ ಎಂಬುದರ ಅಳತೆ) ಹೊರಗಿನದಕ್ಕಿಂತ ಹೆಚ್ಚು, ಹಾಗಾಗಿ ಬೆಳಕು ಪೂರ್ತಿ ಒಳಕ್ಕೇ ಮರಳುತ್ತದೆ. ನಡುವೆ ಗಾಳಿ ಇದ್ದರೆ ಇದು ತಿರುಗುಮುರುಗು, ಸೋರಿಕೆ ತಪ್ಪಿದ್ದಲ್ಲ. ಅದನ್ನು ತಗ್ಗಿಸಲು ಟೊಳ್ಳಿನ ಸುತ್ತ ಸಣ್ಣ ಗಾಜಿನ ಕೊಳವೆಗಳನ್ನು ಜೋಡಿಸುತ್ತಾರೆ. ಅವುಗಳ ಗೋಡೆ ಸುಮಾರು ಅರ್ಧ ಮೈಕ್ರಾನ್ ದಪ್ಪ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು). ಇಷ್ಟು ದಪ್ಪದ ಗೋಡೆ 1.55 ಮೈಕ್ರಾನ್ ತರಂಗಾಂತರದ ಬೆಳಕನ್ನು ಹಿಂದಕ್ಕೆ ತಳ್ಳುತ್ತದೆ, ಆದರೆ 1.04ರ ಹತ್ತಿರದ್ದನ್ನು ಸಲೀಸಾಗಿ ಹೊರಗೆ ಬಿಡುತ್ತದೆ. ಎಲ್ಲವೂ ಗೋಡೆಯ ದಪ್ಪದ ಮೇಲೆ ನಿಂತಿದೆ.

ಎಷ್ಟು ದಪ್ಪ, ಎಷ್ಟು ಕೊಳವೆ, ನಡುವೆ ಎಷ್ಟು ಸಂದು? ಪ್ರತಿ ವಿನ್ಯಾಸಕ್ಕೂ ಗಾಜು ಕಾಯಿಸಿ ಫೈಬರ್ ಎಳೆದು ನೋಡುವುದು ದುಬಾರಿ. ಅದಕ್ಕೇ ಮೊದಲು ಕಂಪ್ಯೂಟರ್. ಫೈಬರಿನ ಅಡ್ಡಕೊಯ್ತದ ಚಿತ್ರವನ್ನು ಸಾವಿರಾರು ತ್ರಿಕೋನಗಳಾಗಿ ಒಡೆದು, ಒಂದೊಂದರಲ್ಲೂ ಬೆಳಕಿನ ನಡೆಯನ್ನು ಹೇಳುವ ಮ್ಯಾಕ್ಸ್‌ವೆಲ್ ಸಮೀಕರಣಗಳನ್ನು ಬಿಡಿಸುತ್ತಾರೆ. ಗಂಗಾವತಿ, ಸಿಂಧನೂರು ಕಡೆ ಭತ್ತದ ಗದ್ದೆ ನೋಡಿದವರಿಗೆ ಇದು ಹೊಸದಲ್ಲ: ಇಳಿಜಾರು ಇದ್ದಲ್ಲಿ ಸಣ್ಣ ಮಡಿ, ಸಮತಟ್ಟು ಇದ್ದಲ್ಲಿ ದೊಡ್ಡ ಮಡಿ. ಇಲ್ಲೂ ಗಾಜಿನ ಗೋಡೆಯಲ್ಲಿ ತ್ರಿಕೋನ ಪುಟ್ಟದಿರಬೇಕು, ಗಾಳಿಯಲ್ಲಿ ತುಸು ದೊಡ್ಡದಾದರೂ ನಡೆಯುತ್ತದೆ. ಅಂಚಿನಲ್ಲಿ ಬೆಳಕನ್ನು ಹೀರುವ ಒಂದು ಕೃತಕ ಪದರ ಇಡುತ್ತಾರೆ. ಅದಿಲ್ಲದಿದ್ದರೆ ಸೋರಿದ ಬೆಳಕು ಚಿತ್ರದ ಅಂಚಿಗೆ ಬಡಿದು ವಾಪಸು ಬಂದು ಲೆಕ್ಕ ಕೆಡಿಸುತ್ತದೆ.

ಉತ್ತರವಾಗಿ ಬರುವುದು ಫೈಬರಿನಲ್ಲಿ ಓಡುವ ಬೆಳಕಿನ ವಕ್ರೀಭವನ ಸೂಚ್ಯಂಕ. ಅದೊಂದು ಸಂಕೀರ್ಣ ಸಂಖ್ಯೆ, ಅಂದರೆ ವಾಸ್ತವ ಮತ್ತು ಕಾಲ್ಪನಿಕ ಎಂಬ ಎರಡು ಭಾಗಗಳಿರುವ ಸಂಖ್ಯೆ. 30 ಮೈಕ್ರಾನ್ ಅಗಲದ ಟೊಳ್ಳಿಗೆ ಅದರ ವಾಸ್ತವ ಭಾಗ 0.9992ರ ಆಸುಪಾಸು. ನಮಗೆ ಬೇಕಾದ ಸೋರಿಕೆ ಅಡಗಿರುವುದು ಕಾಲ್ಪನಿಕ ಭಾಗದಲ್ಲಿ. ನಷ್ಟವನ್ನು ಅಳೆಯುವುದು ಡೆಸಿಬೆಲ್‌ನಲ್ಲಿ; 10 ಡೆಸಿಬೆಲ್ ನಷ್ಟವಾದರೆ ಉಳಿಯುವುದು ಹತ್ತನೇ ಒಂದು ಪಾಲು ಬೆಳಕು. ಕಿಲೋಮೀಟರಿಗೆ 0.1 ಡೆಸಿಬೆಲ್ ನಷ್ಟ ಎಂದರೆ ಆ ಭಾಗ ದಶಮಾಂಶದ ಹನ್ನೆರಡನೇ ಸ್ಥಾನದಲ್ಲಿ 3! ಕಂಪ್ಯೂಟರ್ ಸಾಮಾನ್ಯವಾಗಿ ಹದಿನೈದು ಹದಿನಾರು ಅಂಕಿಗಳನ್ನಷ್ಟೇ ನೆನಪಿಡುತ್ತದೆ. ನಂಬಬಹುದಾದ ಅಂಕಿಗಳು ಉಳಿಯುವುದು ಮೂರೋ ನಾಲ್ಕೋ.

ರಾಯಚೂರಿನ ನಮ್ಮ ವಿದ್ಯಾರ್ಥಿನಿಯೊಬ್ಬಳು ಒಮ್ಮೆ ಪರದೆ ತೋರಿಸಿದಳು: "ಸರ್, ಲಾಸ್ ಮೈನಸ್ ಬರ್ಲಿಕತ್ತದ ನೋಡ್ರಿ." ನಷ್ಟ ಮೈನಸ್ ಎಂದರೆ ಬೆಳಕು ಹೋಗುತ್ತಾ ಹೋಗುತ್ತಾ ಹೆಚ್ಚುತ್ತಿದೆ ಎಂದರ್ಥ. ಬರೀ ಗಾಳಿ ಅದನ್ನು ಮಾಡಲಾರದು. ಗೋಡೆಯೊಳಗಿನ ತ್ರಿಕೋನಗಳು ತೀರಾ ದೊಡ್ಡದಾಗಿದ್ದವು. ಲೆಕ್ಕದ ದೋಷ ಉತ್ತರಕ್ಕಿಂತ ದೊಡ್ಡದಾಗಿತ್ತು. ತ್ರಿಕೋನದ ಗಾತ್ರ ಇಳಿಸುತ್ತಾ ಹೋಗಿ, ಉತ್ತರ ಅಲುಗಾಡುವುದು ನಿಂತ ಮೇಲೆಯೇ ಅದನ್ನು ಬರೆದುಕೊಳ್ಳಬೇಕು. ಪರದೆಯ ಬಣ್ಣದ ಚಿತ್ರಕ್ಕಿಂತ ಈ ತಾಳ್ಮೆಯ ಪರೀಕ್ಷೆಯೇ ನನಗೆ ಮುಖ್ಯ.

ಇಂಥ ಲೆಕ್ಕಗಳ ಬಲದಿಂದಲೇ ಕೊಳವೆಯೊಳಗೆ ಕೊಳವೆ ಇಡುವ ವಿನ್ಯಾಸಗಳು ಬೆಳೆದವು. 2025ರಲ್ಲಿ ಬ್ರಿಟನ್ನಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಕಿಲೋಮೀಟರಿಗೆ 0.091 ಡೆಸಿಬೆಲ್ ನಷ್ಟದ ಟೊಳ್ಳು ಫೈಬರ್ ವರದಿ ಮಾಡಿದರು. ಗಾಜಿನ ಫೈಬರಿನ ಅತ್ಯುತ್ತಮ ದಾಖಲೆ 0.14ರ ಆಸುಪಾಸು. 100 ಕಿಲೋಮೀಟರ್ ದಾಟಿದ ಮೇಲೆ ಗಾಜಿನಲ್ಲಿ ಉಳಿಯುವುದು ಶೇ. 4ರಷ್ಟು ಬೆಳಕು, ಟೊಳ್ಳಿನಲ್ಲಿ ಶೇ. 12ರಷ್ಟು.

ಸೋರಿಕೆ ಇಷ್ಟು ಇಳಿದ ಮೇಲೆ ಗಾಜಿನ ಮೇಲ್ಮೈಯ ಒರಟುತನ, ಕೇಬಲಿನೊಳಗಿನ ಸೂಕ್ಷ್ಮ ಬಾಗುವಿಕೆ ಮುನ್ನೆಲೆಗೆ ಬರುತ್ತವೆ. ಇವನ್ನೂ ಮಾದರಿಗೆ ಸೇರಿಸದೆ ಒಟ್ಟು ನಷ್ಟವನ್ನು ಹೇಳಲಾಗದು.