ಪ್ರಾಸ್ಟೇಟ್ ರೇಡಿಯೇಷನ್: ಮೂತ್ರಕೋಶ ತುಂಬಿರಲಿ, ಗುದನಾಳ ಖಾಲಿಯಿರಲಿ

ಪ್ರಾಸ್ಟೇಟ್ ಬಿಟ್ಟು ಆಚೆ ಹರಡದ ಕ್ಯಾನ್ಸರಿಗೆ ರೇಡಿಯೇಷನ್ ಎಂದ ಕೂಡಲೇ ಮನೆಯವರು ಕೇಳುವುದು ಮಶೀನು ಯಾವುದೆಂದು. ಮೂತ್ರಕೋಶ, ಗುದನಾಳಗಳ ವಿಚಾರ ಕೇಳುವವರು ಅಪರೂಪ. ಪ್ರಾಸ್ಟೇಟ್ ಗ್ರಂಥಿ ಕೂತಿರುವುದು ಮೂತ್ರಕೋಶದ ಕೆಳಗೆ, ಗುದನಾಳದ ಮುಂದೆ. ಗುದನಾಳಕ್ಕೂ ಅದಕ್ಕೂ ಅಂತರ ಕೆಲವೇ ಮಿಲಿಮೀಟರ್. ಗುದನಾಳದಲ್ಲಿ ಗ್ಯಾಸ್ ತುಂಬಿದರೆ ಗ್ರಂಥಿ ಮುಂದಕ್ಕೆ ಸರಿಯುತ್ತದೆ. ಗ್ರಂಥಿಗೆ ಬೀಳಬೇಕಾದ ಕಿರಣ ಗುದನಾಳದ ಮುಂಗೋಡೆಗೆ ಬೀಳುತ್ತದೆ. ಮೂತ್ರಕೋಶ ತುಂಬಿದ್ದರೆ ಅದರ ಬಹುಭಾಗವೂ ಸಣ್ಣಕರುಳೂ ಕಿರಣದ ದಾರಿಯಿಂದ ಮೇಲೇಳುತ್ತವೆ.

ಈಗ ಹೆಚ್ಚಾಗಿ 60 ಗ್ರೇ (ಕಿರಣದ ಅಳತೆಯ ಮಾನ) ಪ್ರಮಾಣವನ್ನು 20 ಸಲಕ್ಕೆ ಹಂಚಿ, ವಾರಕ್ಕೆ ಐದು ದಿನದಂತೆ ನಾಲ್ಕು ವಾರ ಕೊಡುತ್ತಾರೆ. ಆಯ್ದ ಕೆಲವರಿಗೆ ಐದೇ ಸಲಕ್ಕೆ 36.25 ಗ್ರೇ; ಅಲ್ಲಿ ಒಂದು ದಿನದ ಎಡವಟ್ಟೂ ದುಬಾರಿ.

ಕಿರಣದ ಲೆಕ್ಕ ಹಾಕಲು ಮೊದಲೇ ತೆಗೆಯುವ ಪ್ಲಾನಿಂಗ್ ಸಿಟಿ ಸ್ಕ್ಯಾನಿನ ದಿನ ಗುದನಾಳ ಉಬ್ಬಿದ್ದರೆ ಸ್ಕ್ಯಾನನ್ನೇ ಮುಂದೂಡಬೇಕು. ಮುಂದಿನ ಅಷ್ಟೂ ದಿನದ ಲೆಕ್ಕ ಅದರ ಮೇಲೆ ನಿಂತಿರುತ್ತದೆ. ಸಾಮಾನ್ಯ ಕ್ರಮ ಇದು: ಮಲ, ಮೂತ್ರ ಎರಡನ್ನೂ ಮುಗಿಸಿ, 400ರಿಂದ 500 ಮಿಲಿ ನೀರು ಕುಡಿದು, ಅರ್ಧದಿಂದ ಮುಕ್ಕಾಲು ಗಂಟೆ ಕಾಯುವುದು. ತಡೆಯಲಾರದಷ್ಟು ತುಂಬಿಸಿಕೊಳ್ಳುವುದೂ ತಪ್ಪೇ. ಮೂರನೇ ವಾರ ಉರಿಮೂತ್ರ ಶುರುವಾದಾಗ ಅಷ್ಟು ಹಿಡಿದಿಡಲು ಆಗುವುದಿಲ್ಲ. ಬಿಸಿಲಲ್ಲಿ ಬಸ್ಸಿನಲ್ಲಿ ದೂರದಿಂದ ಬಂದವರಿಗೆ ಅದೇ ನೀರು ಸಾಲದು. ಮೈ ಒಣಗಿದ್ದರೆ ಮೂತ್ರಕೋಶ ನಿಧಾನ ತುಂಬುತ್ತದೆ, ಹಾಗಾಗಿ ಬೆಳಗಿನಿಂದಲೇ ನೀರು ಕುಡಿಯುತ್ತಿರಬೇಕು. ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆ ನುಂಗುವವರಿಗೆ ಬೇಗ ತುಂಬುತ್ತದೆ. ಮಾತ್ರೆ ನಿಲ್ಲಿಸಬೇಡಿ, ವೈದ್ಯರಿಗೆ ಹೇಳಿ. ಆ ನಾಲ್ಕು ವಾರ ಹುರುಳಿ, ಅವರೆಕಾಳು, ಎಲೆಕೋಸು ಕಡಿಮೆಯಿರಲಿ. ಅವರೆ ಸೀಸನ್ನಿನಲ್ಲಿ ಈ ಮಾತು ಯಾರಿಗೂ ರುಚಿಸುವುದಿಲ್ಲ. ಮಲಬದ್ಧತೆಯಿದ್ದರೆ ಔಷಧಿ ಕೇಳಿ ಪಡೆಯಿರಿ.

ಪ್ರತಿದಿನ ಕಿರಣ ಬಿಡುವ ಮುನ್ನ ಮಶೀನಿನ ಮೇಲೆಯೇ ಸ್ಕ್ಯಾನ್ ತೆಗೆದು ನೋಡುತ್ತಾರೆ. ಗ್ಯಾಸ್ ಕಂಡರೆ ಕೆಳಗಿಳಿಸಿ ಮತ್ತೆ ಶೌಚಕ್ಕೆ ಕಳಿಸುತ್ತಾರೆ. ಬೇಸರ ಬೇಡ, ತಂತ್ರಜ್ಞರು ಮಾಡುತ್ತಿರುವುದು ಸರಿಯಾದ ಕೆಲಸ.

ಉರಿ, ಪದೇಪದೇ ಮೂತ್ರ ಇವೆಲ್ಲ ಚಿಕಿತ್ಸೆ ಮುಗಿದ ಕೆಲವು ವಾರಗಳಲ್ಲಿ ಇಳಿಯುತ್ತವೆ. ಪಿಎಸ್‌ಎ (ರಕ್ತದಲ್ಲಿ ಅಳೆಯುವ ಪ್ರಾಸ್ಟೇಟಿನ ಪ್ರೋಟೀನು) ಮಾತ್ರ ಇಳಿಯುವುದು ನಿಧಾನ. ತಳ ಮುಟ್ಟಲು ಒಂದೆರಡು ವರ್ಷವೂ ಬೇಕಾಗಬಹುದು, ನಡುವೆ ತುಸು ಏರಿ ಇಳಿಯಲೂಬಹುದು. ಮುಟ್ಟಿದ ತಳಕ್ಕಿಂತ ಮಿಲಿಗೆ 2 ನ್ಯಾನೊಗ್ರಾಂ ಏರಿದರೆ ಮರುಕಳಿಕೆಯ ಶಂಕೆ.

ತಿಂಗಳುಗಳು ಕಳೆದು ಮಲದಲ್ಲಿ ರಕ್ತ ಕಂಡರೆ ತೋರಿಸಲೇಬೇಕು. ಆಗ ಎಂಡೋಸ್ಕೋಪಿ ಮಾಡುವವರಿಗೆ ರೇಡಿಯೇಷನ್ ಆಗಿದೆಯೆಂದು ಮೊದಲೇ ತಿಳಿಸಿ. ಗುದನಾಳದ ಮುಂಗೋಡೆಯಿಂದ ಅನಗತ್ಯವಾಗಿ ಬಯಾಪ್ಸಿ ತೆಗೆದರೆ ಆ ಗಾಯ ಮಾಯದೆ, ಮೂತ್ರದ ದಾರಿಗೇ ತೂತು ಬೀಳುವ ಅಪಾಯವಿದೆ.