ವಾರ್ಸಾದ ಮತ್ಸ್ಯಕನ್ಯೆಯ ಕೈಯಲ್ಲಿ ಕತ್ತಿ ಯಾಕೆ?

ಪ್ರಶ್ನೆ: ಪೋಲೆಂಡಿನ ರಾಜಧಾನಿ ವಾರ್ಸಾದಿಂದ ಸಮುದ್ರ ಸುಮಾರು 300 ಕಿಲೋಮೀಟರ್ ದೂರ. ಹಾಗಿದ್ದರೆ ಆ ನಗರದ ಲಾಂಛನಕ್ಕೆ ಮತ್ಸ್ಯಕನ್ಯೆ ಎಲ್ಲಿಂದ ಬಂದಳು? ಅದೂ ಕತ್ತಿ ಹಿಡಿದುಕೊಂಡು?

ಉತ್ತರ: ಕತ್ತಿ ಮೊದಲೇ ಇತ್ತು, ಮೀನಿನ ಬಾಲ ಬಂದಿದ್ದು ಆಮೇಲೆ.

1390ರ ನಗರ ಮುದ್ರೆಯಲ್ಲಿ ಮತ್ಸ್ಯಕನ್ಯೆ ಇಲ್ಲವೇ ಇಲ್ಲ. ಅಲ್ಲಿರುವುದು ಒಂದು ವಿಚಿತ್ರ ಜೀವಿ: ಹಕ್ಕಿಯ ಕಾಲು, ಡ್ರ್ಯಾಗನ್ನಿನ ಹಾಗೆ ಹುರುಪೆ ತುಂಬಿದ ಮೈ, ಸೊಂಟದ ಮೇಲೆ ಮನುಷ್ಯ ರೂಪ. ಕೈಯಲ್ಲಿ ಮಾತ್ರ ಆಗಲೇ ಕತ್ತಿ, ಗುರಾಣಿ. ನಂತರದ ಮುದ್ರೆಗಳಲ್ಲಿ ರೂಪ ಬದಲಾಗುತ್ತಾ ಹೋಯಿತು, ಹಕ್ಕಿಯ ಕಾಲು ಮಾಯವಾಗಿ 17-18ನೇ ಶತಮಾನದ ಹೊತ್ತಿಗೆ ನಾವೀಗ ನೋಡುವ ಹೆಣ್ಣು ರೂಪ, ಮೀನಿನ ಬಾಲ ಗಟ್ಟಿಯಾದವು. ಅಷ್ಟೆಲ್ಲಾ ಬದಲಾದರೂ ಕತ್ತಿ ಉಳಿಯಿತು. ನನಗೆ ಜಾಸ್ತಿ ಇಷ್ಟವಾಗುವುದು ಇದೇ.

ಜನರು ಹೇಳುವ ಕಥೆ ಬೇರೆ. ವಾರ್ಸಾದಲ್ಲಿ ಹರಿಯುವ ವಿಸ್ತುಲಾ ನದಿಗೆ ಬಂದ ಮತ್ಸ್ಯಕನ್ಯೆಯನ್ನು ದುಡ್ಡಿನ ಆಸೆಗೆ ಒಬ್ಬ ವ್ಯಾಪಾರಿ ಹಿಡಿದು ಕೂಡಿಹಾಕಿದ, ಅವಳ ಅಳು ಕೇಳಿ ಬೆಸ್ತರ ಹುಡುಗನೊಬ್ಬ ಗೆಳೆಯರ ಜೊತೆ ಬಂದು ಬಿಡಿಸಿದ, ಕಷ್ಟ ಬಂದಾಗ ನಿಮ್ಮನ್ನು ಕಾಯುತ್ತೇನೆ ಅಂತ ಅವಳು ಮಾತು ಕೊಟ್ಟಳು. ಚೆಂದದ ಕಥೆ, ಅಲ್ವಾ? ಆದರೆ ಆ ಹಳೆಯ ಮುದ್ರೆಯ ಹಕ್ಕಿಕಾಲು ಎಲ್ಲಿಂದ ಬಂತು ಅನ್ನುವುದಕ್ಕೆ ಇದರಲ್ಲಿ ಉತ್ತರವಿಲ್ಲ.

ಈಗಿನ ಲಾಂಛನದ ವಿನ್ಯಾಸ 1938ರದ್ದು. ಕೆಂಪು ಹಿನ್ನೆಲೆ, ಬಲಗೈಯಲ್ಲಿ ಎತ್ತಿದ ಕತ್ತಿ, ಎಡಗೈಯಲ್ಲಿ ದುಂಡು ಗುರಾಣಿ, ಮೇಲೆ ರಾಜಕಿರೀಟ.

ಕಾಯುತ್ತೇನೆ ಅನ್ನುವ ಮಾತಿಗೆ ವಾರ್ಸಾದವರು ಯಾಕೆ ಇಷ್ಟು ಬೆಲೆ ಕೊಡುತ್ತಾರೆ ಅಂತ ತಿಳಿಯಬೇಕಾದರೆ ನದಿದಡದಲ್ಲಿರುವ ಮತ್ಸ್ಯಕನ್ಯೆಯ ಪ್ರತಿಮೆಯನ್ನು ನೋಡಬೇಕು. ಲುದ್ವಿಕಾ ನಿಟ್ಸ್ಹೋವಾ ಮಾಡಿದ ಅದನ್ನು 1939ರಲ್ಲಿ, ಯುದ್ಧ ಶುರುವಾಗುವ ಕೆಲವೇ ತಿಂಗಳ ಮುಂಚೆ ನಿಲ್ಲಿಸಿದರು. ಅದಕ್ಕೆ ರೂಪದರ್ಶಿಯಾಗಿದ್ದವಳು ಕ್ರಿಸ್ಟೀನಾ ಕ್ರಾಹೆಲ್ಸ್ಕಾ ಎಂಬ ಕವಯಿತ್ರಿ. 1944ರ ಆಗಸ್ಟ್ 1ರಂದು ನಾಜಿಗಳ ವಿರುದ್ಧ ನಗರ ದಂಗೆ ಎದ್ದಾಗ ಅವಳು ಗಾಯಾಳುಗಳ ಆರೈಕೆಗೆ ಇಳಿದಿದ್ದಳು. ಮೊದಲ ದಿನವೇ ಗುಂಡು ತಗುಲಿತು, ಮರುದಿನ ತೀರಿಕೊಂಡಳು. ಆ ದಂಗೆಯ ನಂತರ ನಗರದ ಬಹುಭಾಗ ನೆಲಸಮವಾಯಿತು.

ಯುದ್ಧ ಮುಗಿದ ಮೇಲೆ ಕಮ್ಯುನಿಸ್ಟ್ ಸರ್ಕಾರದ ಕಾಲದಲ್ಲಿ ಲಾಂಛನದಿಂದ ಕಿರೀಟ ತೆಗೆದುಹಾಕಿದರು. ಅದು ಮತ್ತೆ ಬಂದಿದ್ದು 1990ರಲ್ಲಿ. ಕತ್ತಿಯನ್ನು ಮಾತ್ರ ಅವರೂ ತೆಗೆಯಲಿಲ್ಲ.