ನಾಯಿ ಎಲ್ಲಿದೆ ಅಂತ ಚಿಪ್‌ಗೆ ಗೊತ್ತಿಲ್ಲ

ದೀಪಾವಳಿಯ ಎರಡನೇ ರಾತ್ರಿ. ರಾಜಾಜಿನಗರದ ನಮ್ಮ ಮನೆಯ ಮೆಟ್ಟಿಲ ಕೆಳಗೆ, ಚಪ್ಪಲಿ ಸ್ಟ್ಯಾಂಡಿನ ಹಿಂದೆ ಒಂದು ಲ್ಯಾಬ್ರಡಾರ್ ಮುದುಡಿ ಕೂತಿತ್ತು. ಪಟಾಕಿ ಸದ್ದಿಗೆ ಹೆದರಿ ಎಲ್ಲಿಂದಲೋ ಓಡಿ ಬಂದಿದೆ. ಕತ್ತಿನಲ್ಲಿ ಬೆಲ್ಟಿಲ್ಲ. ಬೆಳಗ್ಗೆ ಒಬ್ಬ ಆಟೋದವರನ್ನು ಹೇಗೋ ಒಪ್ಪಿಸಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಸಾಕುನಾಯಿಯ ಗುರುತಿಗೆ ಚರ್ಮದಡಿ ಹಾಕುವ ಚಿಪ್ ಇದೆಯೇ ಅಂತ ನೋಡಲು ಅವರು ಟೇಬಲ್ ಟೆನಿಸ್ ಬ್ಯಾಟಿನಂಥ ಸ್ಕ್ಯಾನರ್ ತಂದು ಹೆಗಲ ನಡುವೆ ಆಡಿಸಿದರು. ಏನೂ ಇಲ್ಲ. ಎಡಗಡೆ ಭುಜದ ಹತ್ತಿರ ಜಾರಿಸಿದಾಗ ‘ಬೀಪ್’ ಅಂತು. ಚಿಪ್ ಕೆಲವೊಮ್ಮೆ ಹಾಕಿದ ಜಾಗದಿಂದ ಸ್ವಲ್ಪ ಸರಿದಿರುತ್ತದೆ, ಅದಕ್ಕೇ ಅಕ್ಕಪಕ್ಕವೂ ನೋಡಬೇಕು. ಪರದೆಯ ಮೇಲೆ 15 ಅಂಕಿ ಬಂತು.

ಪಕ್ಕದಲ್ಲಿ ಬೆಕ್ಕಿನ ಬುಟ್ಟಿ ಹಿಡಿದು ಕೂತಿದ್ದವರು ತಕ್ಷಣ ಕೇಳಿದರು: “ಚಿಪ್ ಇದೆ ಅಂದ್ಮೇಲೆ ಮನೆಯವರು ಮೊಬೈಲಲ್ಲಿ ಲೊಕೇಶನ್ ನೋಡ್ಕೊಂಡು ಬರಬಹುದಿತ್ತಲ್ವಾ?”

ಬರೋಕಾಗಲ್ಲ. ಆದರೆ ಯಾರೂ ನಂಬುವುದಿಲ್ಲ. ಚಿಪ್ ಅನ್ನುವ ಪದ ಕಿವಿಗೆ ಬಿದ್ದರೆ ಸಾಕು, ನಮ್ಮ ಜನ ತಲೆಯೆತ್ತಿ ಉಪಗ್ರಹ ಹುಡುಕುತ್ತಾರೆ. 2016ರಲ್ಲಿ 2000 ರೂಪಾಯಿಯ ನೋಟು ಬಂದಾಗ ಅದರೊಳಗೆ ನ್ಯಾನೋ ಜಿಪಿಎಸ್ ಚಿಪ್ ಇದೆ, ನೆಲದಡಿ ಹೂತಿಟ್ಟರೂ ಸರ್ಕಾರಕ್ಕೆ ಗೊತ್ತಾಗುತ್ತದೆ ಅಂತ ಚೆನ್ನಾಗಿ ಓದಿದವರೇ ವಾಟ್ಸಾಪಿನಲ್ಲಿ ಹಂಚಿದ್ದು ನೆನಪಿದೆಯಲ್ಲ? ನೋಟು ಹೋಯಿತು. ಗಾಳಿಸುದ್ದಿ ಮಾತ್ರ ಈಗ ನಾಯಿಯ ಮೈಮೇಲೆ ಬಂದಿದೆ.

ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಮೇಲಿವೆ. ಅವುಗಳ ಸಂಕೇತ ಹಿಡಿದು ಲೆಕ್ಕ ಹಾಕುವುದಕ್ಕೆ ಬ್ಯಾಟರಿ ಬೇಕು, ಆ ಲೆಕ್ಕವನ್ನು ನಿಮ್ಮ ಮೊಬೈಲಿಗೆ ಮುಟ್ಟಿಸಲು ಸಿಮ್ ಬೇಕು. ಅಂಥ ಕತ್ತುಪಟ್ಟಿಗಳು ಸಿಗುತ್ತವೆ, ಆಗಾಗ ಚಾರ್ಜಿಗೆ ಹಾಕುತ್ತಿರಬೇಕು ಅಷ್ಟೇ. ನಾಯಿಯ ಚರ್ಮದಡಿ ಇರುವುದು ಸುಮಾರು 12 ಮಿಲಿಮೀಟರ್ ಉದ್ದ, 2 ಮಿಲಿಮೀಟರ್ ದಪ್ಪದ ಒಂದು ಗಾಜಿನ ಕೊಳವೆ. ಅಕ್ಕಿ ಕಾಳಿಗಿಂತ ಒಂದು ಚೂರು ದೊಡ್ಡದು. ಅದರಲ್ಲಿ ಬ್ಯಾಟರಿ ಇಲ್ಲವೇ ಇಲ್ಲ, ಮತ್ತು ನನಗೆ ಅತ್ಯಂತ ಖುಷಿ ಕೊಡುವುದೇ ಈ ಇಲ್ಲದಿರುವಿಕೆ.

ಗಾಜಿನೊಳಗೆ ಫೆರೈಟ್ ಅನ್ನುವ ಕಾಂತೀಯ ವಸ್ತುವಿನ ಕಡ್ಡಿಯೊಂದಕ್ಕೆ ಕೂದಲೆಳೆಯಂಥ ತಾಮ್ರದ ತಂತಿ ಸುತ್ತಿದ್ದಾರೆ. ಸ್ಕ್ಯಾನರಿನಲ್ಲೂ ಒಂದು ಸುರುಳಿ ಇದೆ. ಅದರಲ್ಲಿ ಕರೆಂಟು ಸೆಕೆಂಡಿಗೆ 1,34,200 ಸಲ ಹಿಂದಕ್ಕೂ ಮುಂದಕ್ಕೂ ಓಡಾಡುತ್ತದೆ, ಅದರ ಜೊತೆಗೇ ಸುತ್ತಲಿನ ಕಾಂತಕ್ಷೇತ್ರ ಏರಿಳಿಯುತ್ತದೆ, ಆ ಏರಿಳಿತ ಚಿಪ್‌ನ ಸುರುಳಿಯಲ್ಲಿ ಒಂದಿಷ್ಟು ಕರೆಂಟು ಹುಟ್ಟಿಸುತ್ತದೆ. 1831ರಲ್ಲಿ ಫ್ಯಾರಡೆ ಕಂಡುಕೊಂಡದ್ದು ಇದನ್ನೇ. ಅಡುಗೆಮನೆಯ ಇಂಡಕ್ಷನ್ ಒಲೆಯೂ ಇದೇ ವಂಶ. ಹುಟ್ಟುವ ಕರೆಂಟು ತೀರಾ ಕಡಿಮೆ, ಅದಕ್ಕೇ ಚಿಪ್‌ನ ಸುರುಳಿಯನ್ನೂ ಅದೇ 134.2 ಕಿಲೋಹರ್ಟ್ಸ್‌ಗೆ ಶ್ರುತಿ ಮಾಡಿರುತ್ತಾರೆ. ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ಒಂದೇ ಬೆರಳಲ್ಲಿ ತಳ್ಳುತ್ತಾ ಹೋದರೂ ಜೋರಾಗಿ ತೂಗುತ್ತದಲ್ಲ, ಹಾಗೆ. ತಂಬೂರಿಯ ಒಂದು ತಂತಿ ಮೀಟಿದರೆ ಅದೇ ಶ್ರುತಿಯ ಪಕ್ಕದ ತಂತಿಯೂ ಗುನುಗುತ್ತದಲ್ಲ, ಹಾಗೆ.

ಸರಿ, ಚಿಪ್‌ಗೆ ಎಚ್ಚರವಾಯಿತು. ಮಾತಾಡುವುದು ಹೇಗೆ? ಅದಕ್ಕೆ ಸ್ವಂತ ರೇಡಿಯೋ ಇಲ್ಲ. ನಮ್ಮ ಪಕ್ಕದ ಮನೆಯವರು ಬೋರ್‌ವೆಲ್ ಮೋಟಾರ್ ಹಾಕಿದಾಗ ನಮ್ಮ ಮನೆ ಬಲ್ಬು ಒಂದು ಗಳಿಗೆ ಮಂಕಾಗುತ್ತದೆ. ಅವರು ನಮಗೇನೂ ಹೇಳಿಲ್ಲ, ಸುಮ್ನೆ ಜಾಸ್ತಿ ಕರೆಂಟು ಎಳೆದಿದ್ದಾರೆ, ಆದರೂ ಮೋಟಾರ್ ಹಾಕಿದರು ಅಂತ ನಮಗೆ ತಿಳಿಯುತ್ತದೆ. ಅವರು ಬೇಕಂತಲೇ ಲೆಕ್ಕವಾಗಿ ಸ್ವಿಚ್ ಹಾಕಿ, ತೆಗೆದು, ಹಾಕಿ, ತೆಗೆದು ಮಾಡಿದರೆ ನಾನು ಬಲ್ಬು ನೋಡಿಕೊಂಡೇ ಅವರ ಫೋನ್ ನಂಬರ್ ಬರೆದುಕೊಳ್ಳಬಹುದು. ಚಿಪ್ ಮಾಡುವುದೂ ಇಷ್ಟೇ. ಸ್ಕ್ಯಾನರಿನಿಂದಲೇ ಪಡೆದ ಕರೆಂಟನ್ನು ಒಮ್ಮೆ ಜಾಸ್ತಿ, ಒಮ್ಮೆ ಕಡಿಮೆ ಎಳೆಯುತ್ತದೆ, ಸ್ಕ್ಯಾನರ್ ತನ್ನ ಸುರುಳಿಯ ಮೇಲಿನ ಆ ಎಳೆತವನ್ನು ಓದಿಕೊಳ್ಳುತ್ತದೆ. ಒಟ್ಟು 128 ಬಿಟ್, ಸುಮಾರು 30 ಮಿಲಿಸೆಕೆಂಡಿನಲ್ಲಿ ಮುಗಿಯಿತು. ಸುರುಳಿಯಿಂದ ಸ್ವಲ್ಪ ಆಚೆ ಹೋದರೆ, ದೂರ ಎರಡು ಪಟ್ಟಾದಾಗ ಕಾಂತಕ್ಷೇತ್ರ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಹಾಗಾಗಿ ಗೇಣುದ್ದ ದೂರದಿಂದ ಓದಲಿಕ್ಕೇ ಪರದಾಟ, ಇನ್ನು ಉಪಗ್ರಹದ ಮಾತೆಲ್ಲಿ! ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್‌ಗಿಂತಲೂ ಇದು ಕೆಳಗಿನ ಆವರ್ತನ, ನೀರು ತುಂಬಿದ ಮಾಂಸ ಚರ್ಮ ಯಾವುದೂ ಇದಕ್ಕೆ ಅಡ್ಡಿಯಾಗುವುದಿಲ್ಲ. “ರೇಡಿಯೇಷನ್ ಸಾರ್” ಅಂತ ಹೆದರುವವರಿಗೂ ಇದೇ ಉತ್ತರ. ಸ್ಕ್ಯಾನರ್ ಹತ್ತಿರ ಬರುವವರೆಗೆ ಅದು ಬರೀ ಗಾಜು, ತಾಮ್ರ.

ಈ ಉಪಾಯದ ಅಜ್ಜ ಒಬ್ಬ ಗೂಢಚಾರ. 1945ರಲ್ಲಿ ಸೋವಿಯತ್ ಶಾಲಾಮಕ್ಕಳು ಮಾಸ್ಕೋದ ಅಮೆರಿಕನ್ ರಾಯಭಾರಿ ಹ್ಯಾರಿಮನ್‌ಗೆ ಮರದಲ್ಲಿ ಕೆತ್ತಿದ ಅಮೆರಿಕದ ಲಾಂಛನ ಕಾಣಿಕೆ ಕೊಟ್ಟರು. ಅದು ರಾಯಭಾರಿಯ ಮನೆಯ ಗೋಡೆಯನ್ನೇ ಏರಿತು. ಒಳಗೆ ಬ್ಯಾಟರಿಯೂ ಇಲ್ಲದ, ತಂತಿಯೂ ಇಲ್ಲದ ಕದ್ದಾಲಿಸುವ ಸಾಧನ. ಹೊರಗಿನಿಂದ ರೇಡಿಯೋ ಅಲೆ ಬಿಟ್ಟಾಗ ಮಾತ್ರ ಅದಕ್ಕೆ ಜೀವ, ಉಳಿದ ಹೊತ್ತು ಮರದ ಹಲಗೆ. 1952ರವರೆಗೆ ಸಿಕ್ಕಿಬೀಳಲಿಲ್ಲ. ಮಾಡಿದವನು ತೆರ್ಮೆನ್, ಮುಟ್ಟದೆಯೇ ನುಡಿಸುವ ಥೆರಮಿನ್ ವಾದ್ಯ ಕಂಡುಹಿಡಿದನಲ್ಲ, ಅವನೇ. ನಿಮ್ಮ ಕಾರಿನ ಗಾಜಿಗೆ ಅಂಟಿಸಿದ ಫಾಸ್ಟ್‌ಟ್ಯಾಗ್ ಕೂಡ ಇದೇ ಮನೆತನದ್ದು.

ಆ 15 ಅಂಕಿಗಳಲ್ಲಿ ಮೊದಲ ಮೂರು ದೇಶದ್ದು, ಭಾರತಕ್ಕೆ 356, ಇಲ್ಲವಾದರೆ 9ರಿಂದ ಶುರುವಾಗುವ ತಯಾರಕರ ಸಂಖ್ಯೆ. ಉಳಿದದ್ದು ನಾಯಿಯ ನಂಬರು. ಹೆಸರಿಲ್ಲ, ವಿಳಾಸವಿಲ್ಲ, ಯಾವ ಲಸಿಕೆ ಆಗಿದೆ ಅನ್ನುವುದೂ ಇಲ್ಲ. ಹಸುಗಳ ಕಿವಿಯ ಹಳದಿ ಬಿಲ್ಲೆಯ ಮೇಲೆ 12 ಅಂಕಿ ಇರುತ್ತದಲ್ಲ, ಅದೇ ಕಥೆ: ಆ ನಂಬರಿನ ಎದುರು ಯಾವುದೋ ಪುಸ್ತಕದಲ್ಲಿ ಯಾರಾದರೂ ಹೆಸರು ಬರೆದಿರಬೇಕು. ಇಂಗ್ಲೆಂಡಿನಲ್ಲಿ 2016ರ ಏಪ್ರಿಲ್‌ನಿಂದ ನಾಯಿಗೆ ಚಿಪ್ ಕಡ್ಡಾಯ, ಅಷ್ಟೇ ಅಲ್ಲ, ಮಾಲೀಕರ ವಿವರ ಹಳೆಯದಾದರೂ ತಪ್ಪೇ.

ನಮ್ಮ ಅತಿಥಿಯ ನಂಬರಿನ ಎದುರು ಇದ್ದದ್ದು ಮರಿ ಮಾರಿದವರ ಮೊಬೈಲು. ಸ್ವಿಚ್ ಆಫ್. ಕೊನೆಗೆ ಕೆಲಸಕ್ಕೆ ಬಂದದ್ದು ಹಾಲಿನ ಬೂತಿನ ಗೋಡೆಗೆ ಅಂಟಿಸಿದ ಫೋಟೋ. ಮೂರನೇ ದಿನ, ನಾಯಿ ನಮ್ಮ ಮನೆಯಲ್ಲಿ ಹನ್ನೊಂದನೇ ಇಡ್ಲಿ ಮುಗಿಸುವ ಹೊತ್ತಿಗೆ, ಮಹಾಲಕ್ಷ್ಮಿ ಲೇಔಟಿನಿಂದ ಒಬ್ಬರು ಸ್ಕೂಟರಿನಲ್ಲಿ ಬಂದರು. ಕಣ್ಣು ಕೆಂಪಾಗಿತ್ತು. ಕೈಯಲ್ಲಿ ಮೊಬೈಲು ಹಿಡಿದೇ ಇದ್ದರು.

“ಚಿಪ್ ಹಾಕ್ಸಿದೀನಿ ಸಾರ್. ಆದ್ರೆ ಯಾವ ಆ್ಯಪಲ್ಲೂ ತೋರಿಸ್ತಿಲ್ಲ.”

ನಾನು ಪಕ್ಕದ ಮನೆ ಮೋಟಾರಿನಿಂದ ಶುರು ಮಾಡಿದೆ. ಅಷ್ಟರಲ್ಲಿ ನಾಯಿ ಸ್ಕೂಟರಿನ ಮುಂದೆ ಕಾಲಿಡುವ ಜಾಗ ಹತ್ತಿ ಕೂತಾಗಿತ್ತು.